ಒಡೆದ ಮನೆಯ ಕಥೆಗಳು ಮತ್ತು ಪ್ರತಿಕ್ರಮಣದ ದೃಷ್ಟಿ

ಕಲಹದಿಂದ ಒಡೆದ ಮನೆಯ ಕಥೆ ಜೈನ ಓದುಗರಿಗೆ ಹೊಸದಲ್ಲ. ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿ ಒಬ್ಬನೇ ತಂದೆಯ ಇಬ್ಬರು ಮಕ್ಕಳು ಭೂಮಿಗಾಗಿ ಎದುರುಬದುರು ನಿಲ್ಲುತ್ತಾರೆ. ಎರಡು ಸೇನೆಗಳು ಸಜ್ಜಾಗಿ ನಿಂತಿರುವಾಗ ಮಂತ್ರಿಗಳು ನಡುವೆ ಬಂದು, ಅಮಾಯಕರ ಪ್ರಾಣಹಾನಿಯಾಗದಂತೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸುತ್ತಾರೆ. ಮೂರರಲ್ಲಿಯೂ ಗೆದ್ದವನು ಬಾಹುಬಲಿ. ವೈರಾಗ್ಯ ಹುಟ್ಟಿದ್ದೂ ಗೆದ್ದವನಲ್ಲಿಯೇ. ಅಣ್ಣನನ್ನು ಎತ್ತಿ ಹಿಡಿದ ಕೈಗಳಲ್ಲಿ ತನ್ನದೇ ಕಷಾಯವನ್ನು ಕಂಡುಕೊಂಡುದರಿಂದ ಅವನು ರಾಜ್ಯವನ್ನು ತೊರೆದನು. ಭರತನ ದೋಷಗಳನ್ನು ಎಣಿಸುತ್ತ ಕುಳಿತಿದ್ದರೆ ಅವನಿಗೆ ಪೌದನಪುರ ಉಳಿಯುತ್ತಿತ್ತು, ಮೋಕ್ಷಮಾರ್ಗ ಉಳಿಯುತ್ತಿರಲಿಲ್ಲ.

ಈ ಕಥೆಯನ್ನು ನಾವು ಮಕ್ಕಳಿಗೆ ಪಾಠಶಾಲೆಯಲ್ಲಿ ಹೇಳುತ್ತ ಬಂದಿದ್ದೇವೆ. ಆದರೆ ನಮ್ಮ ಮಕ್ಕಳು ಇಂದು ಇನ್ನೊಂದು ಬಗೆಯ ಒಡೆದ ಮನೆಯ ಕಥೆಗಳನ್ನೂ ಓದುತ್ತಿದ್ದಾರೆ. 1947ರ ದೇಶವಿಭಜನೆಯಲ್ಲಿ ಬೇರ್ಪಟ್ಟ ಕುಟುಂಬಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಕಿಶೋರ ಕಾದಂಬರಿಗಳು ಶಾಲೆಯ ಗ್ರಂಥಾಲಯಗಳ ಮೂಲಕ ಮನೆಗೆ ಬರುತ್ತಿವೆ. ಇವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದು ತಂದೆತಾಯಿಗಳಿಗೂ ಬಸದಿಯ ಪಾಠಶಾಲೆಗೆ ಪುಸ್ತಕ ಕೊಳ್ಳುವ ಟ್ರಸ್ಟಿನ ಹಿರಿಯರಿಗೂ ಎದುರಾಗುವ ಪ್ರಶ್ನೆ. ನಾವು ನಿತ್ಯ ಮಾಡುವ ಪ್ರತಿಕ್ರಮಣದಲ್ಲಿಯೇ ಆ ಅಳತೆಗೋಲಿದೆ ಎಂಬುದು ಈ ಲೇಖನದ ಅಭಿಪ್ರಾಯ. ಅದನ್ನು ಎರಡು ಕೃತಿಗಳಿಗೆ ಅನ್ವಯಿಸಿ ನೋಡೋಣ.

ವಿಭಜನೆಯಲ್ಲಿ ಸ್ಥಳಾಂತರಗೊಂಡವರ ಸಂಖ್ಯೆಯನ್ನು ಇತಿಹಾಸಕಾರರು 1.2 ಕೋಟಿಯಿಂದ 1.5 ಕೋಟಿಯವರೆಗೆ ಅಂದಾಜು ಮಾಡುತ್ತಾರೆ. ಸತ್ತವರ ಅಂದಾಜು 2 ಲಕ್ಷದಿಂದ 20 ಲಕ್ಷದವರೆಗೆ ಹರಡಿದೆ. ಹೆಣಗಳನ್ನು ಎಣಿಸುವವರೇ ಇಲ್ಲದಿದ್ದ ಕಾಲ ಅದು. ಗಡಿರೇಖೆ ಪ್ರಕಟವಾದದ್ದು ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ, ಆಗಸ್ಟ್ 17ರಂದು. ತಾವು ಯಾವ ದೇಶದಲ್ಲಿದ್ದೇವೆಂದು ತಿಳಿಯದೆಯೇ ಪಂಜಾಬಿನ ಎಷ್ಟೋ ಊರುಗಳು ಧ್ವಜ ಹಾರಿಸಿದವು. ಇಂತಹ ಘಟನೆಯನ್ನು ಹತ್ತು ಹನ್ನೆರಡು ವರ್ಷದ ಮಗುವಿಗೆ ಹೇಗೆ ಹೇಳುವುದು?

ವೀರಾ ಹಿರಾನಂದಾನಿ ಎಂಬ ಅಮೆರಿಕದ ಲೇಖಕಿ 'ದಿ ನೈಟ್ ಡೈರಿ' ಎಂಬ ಕಾದಂಬರಿಯಲ್ಲಿ ಅದನ್ನು ಪ್ರಯತ್ನಿಸಿದ್ದಾರೆ. 2018ರಲ್ಲಿ ಪ್ರಕಟವಾದ ಈ ಕೃತಿಗೆ 2019ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯದ ಪ್ರತಿಷ್ಠಿತ ನ್ಯೂಬೆರಿ ಗೌರವ ಲಭಿಸಿತು. ಲೇಖಕಿಯ ತಂದೆ ವಿಭಜನೆಯ ಕಾಲದಲ್ಲಿ ಸಿಂಧ್ ಪ್ರಾಂತದ ಮಿರ್‌ಪುರ್ ಖಾಸ್‌ನಿಂದ ಕುಟುಂಬದೊಡನೆ ಜೋಧಪುರಕ್ಕೆ ಬಂದವರು. ಆ ಪಯಣದ ನೆನಪೇ ಕಾದಂಬರಿಯ ಬೀಜ.

ಕಥಾನಾಯಕಿ ನಿಶಾಳಿಗೆ ಹನ್ನೆರಡು ವರ್ಷ. ಅವಳೂ ಅವಳ ತಮ್ಮ ಅಮಿಲನೂ ಅವಳಿಗಳು. ಅವರಿಗೆ ಜನ್ಮ ಕೊಡುವಾಗಲೇ ತಾಯಿ ತೀರಿಕೊಂಡಿದ್ದಾಳೆ. ತಂದೆ ಹಿಂದೂ ವೈದ್ಯ, ತಾಯಿ ಮುಸ್ಲಿಂ. ಹುಟ್ಟುಹಬ್ಬದ ದಿನ ಮನೆಯ ಅಡುಗೆಯವನಾದ ಕಾಜಿ ಕೊಟ್ಟ ದಿನಚರಿಯ ಪುಸ್ತಕದಲ್ಲಿ ನಿಶಾ ಪ್ರತಿರಾತ್ರಿ ತಾಯಿಗೆ ಪತ್ರ ಬರೆಯುತ್ತಾಳೆ. ಪರರ ಎದುರಿನಲ್ಲಿ ಮಾತೇ ಹೊರಡದ ಹುಡುಗಿ ಕಾಗದದ ಮೇಲೆ ನಿರರ್ಗಳವಾಗಿ ಮಾತನಾಡುತ್ತಾಳೆ. ದೇಶ ಒಡೆದಾಗ ಕಾಜಿಯನ್ನು ಅಲ್ಲಿಯೇ ಬಿಟ್ಟು ತಂದೆ, ಅಜ್ಜಿ ಮತ್ತು ಮಕ್ಕಳು ಹೊರಡಬೇಕಾಗುತ್ತದೆ. ಮರುಭೂಮಿಯ ಹಾದಿಯಲ್ಲಿ ನೀರಡಿಕೆಯಿಂದ ಅಮಿಲ ಸಾವಿನ ಬಾಗಿಲಿಗೆ ಹೋಗಿ ಬರುತ್ತಾನೆ. ದಾರಿಯಲ್ಲಿ ತಾಯಿಯ ಸಹೋದರನ ಮನೆಯಲ್ಲಿ ಬಚ್ಚಿಟ್ಟುಕೊಂಡಿರುವಾಗ ನಿಶಾ ನೆರೆಮನೆಯ ಹುಡುಗಿಯೊಡನೆ ಗುಟ್ಟಾಗಿ ಸ್ನೇಹ ಬೆಳೆಸುತ್ತಾಳೆ. ಆ ಸ್ನೇಹವೇ ಅವರ ಅಡಗುದಾಣಕ್ಕೆ ಅಪಾಯ ತರುತ್ತದೆ. ಕೊನೆಗೆ ಅವರು ಜೋಧಪುರ ಸೇರುತ್ತಾರೆ.

ಈ ಕೃತಿಯ ದೊಡ್ಡ ಗುಣ ಮಗುವಿನ ಪ್ರಶ್ನೆಯನ್ನು ಮಗುವಿನದಾಗಿಯೇ ಉಳಿಸಿಕೊಂಡಿರುವುದು. ಅರ್ಧ ರಕ್ತ ಒಂದು ಕಡೆಯದು, ಅರ್ಧ ರಕ್ತ ಇನ್ನೊಂದು ಕಡೆಯದು ಎಂದಾದರೆ ತಾನು ಯಾರನ್ನು ದ್ವೇಷಿಸಬೇಕು ಎಂಬುದು ನಿಶಾಳಿಗೆ ತಿಳಿಯುವುದಿಲ್ಲ. ಹಾದಿಯಲ್ಲಿ ತನ್ನವರನ್ನು ಕಳೆದುಕೊಂಡ ಒಬ್ಬ ಮನುಷ್ಯ ಅವಳ ಕೊರಳಿಗೆ ಚಾಕು ಹಿಡಿಯುತ್ತಾನೆ. ಲೇಖಕಿ ಅವನನ್ನು ರಾಕ್ಷಸನನ್ನಾಗಿ ಚಿತ್ರಿಸಿಲ್ಲ. ಓದುವ ಮಗು ಅವನಿಗೆ ಹೆದರುತ್ತದೆ, ಹೆದರಿದ ಮೇಲೆ ಅವನಿಗಾಗಿ ಮರುಗುತ್ತದೆ. ಹಿಂಸೆಗೆ ಕಾರಣವಾದ ಕಷಾಯವನ್ನು ಹಿಂಸಕನಿಂದ ಬೇರ್ಪಡಿಸಿ ನೋಡುವ ಈ ದೃಷ್ಟಿ ನಮ್ಮ ಆಗಮಕ್ಕೆ ದೂರದ್ದಲ್ಲ.

ಇಷ್ಟು ಒಪ್ಪಿಕೊಂಡ ಮೇಲೆ ಎರಡು ಆಕ್ಷೇಪಗಳನ್ನು ಹೇಳಲೇಬೇಕು.

ಮೊದಲನೆಯದು ಸಿಂಧ್ ಪ್ರಾಂತಕ್ಕೆ ಸಂಬಂಧಿಸಿದ್ದು. ಪಂಜಾಬ್ ಮತ್ತು ಬಂಗಾಳಗಳಂತೆ ಸಿಂಧ್ ಒಡೆಯಲಿಲ್ಲ. ಅದು ಇಡಿಯಾಗಿ ಪಾಕಿಸ್ತಾನಕ್ಕೆ ಸೇರಿತು. 1947ರ ಆಗಸ್ಟಿನಲ್ಲಿ ಪಂಜಾಬ್ ಹೊತ್ತಿ ಉರಿಯುತ್ತಿದ್ದಾಗ ಸಿಂಧ್ ಹೋಲಿಕೆಯಲ್ಲಿ ಶಾಂತವಾಗಿತ್ತು. ಅಲ್ಲಿನ ಹಿಂದೂಗಳಲ್ಲಿ ಬಹುಪಾಲು ಜನ ಮನೆ ಬಿಟ್ಟದ್ದು ಅನಂತರದ ತಿಂಗಳುಗಳಲ್ಲಿ, ಅದರಲ್ಲೂ 1948ರ ಜನವರಿ 6ರ ಕರಾಚಿ ಗಲಭೆಯ ಬಳಿಕ. ಹೆಚ್ಚಿನವರು ಕರಾಚಿಯಿಂದ ಹಡಗು ಹತ್ತಿದರು ಅಥವಾ ಮಿರ್‌ಪುರ್ ಖಾಸ್, ಖೋಖ್ರಾಪಾರ್ ಮೂಲಕ ಜೋಧಪುರಕ್ಕೆ ಹೋಗುವ ರೈಲು ಹಿಡಿದರು. ಕಾದಂಬರಿ ಪಂಜಾಬಿನ ರಕ್ತಪಾತದ ಅನುಭವವನ್ನು ಸಿಂಧಿನ ಭೂಪಟದ ಮೇಲೆ ಹರಡಿದೆ. ಕಾದಂಬರಿಕಾರರಿಗೆ ಈ ಸ್ವಾತಂತ್ರ್ಯ ಉಂಟು. ಆದರೂ ಅದರಿಂದ ಒಂದು ನಷ್ಟವಾಗಿದೆ. ನೆರೆಯ ಪ್ರಾಂತ ಉರಿಯುತ್ತಿರುವಾಗಲೂ ತಿಂಗಳುಗಟ್ಟಲೆ ಕೈ ಎತ್ತದೆ ಉಳಿದ ನೆರೆಹೊರೆಯ ಕಥೆ ಅಹಿಂಸೆಯ ಇತಿಹಾಸಕ್ಕೆ ಸೇರಿದ್ದು. ಎಲ್ಲ ಕಡೆಯೂ ಎಲ್ಲರೂ ಕೊಂದರು ಎಂದು ನಂಬಿದ ಮಗು, ಕೊಲ್ಲದಿರುವುದೂ ಸಾಧ್ಯವಿತ್ತು ಎಂಬುದನ್ನು ಕಲಿಯದೆ ಹೋಗುತ್ತದೆ. ಮಿರ್‌ಪುರ್ ಖಾಸ್‌ನಿಂದ ಆಗ್ನೇಯಕ್ಕೆ ಹೋದರೆ ನಗರ್‌ಪಾರ್ಕರ್ ಸಿಗುತ್ತದೆ. ಅಲ್ಲಿ ಗೋರಿ ಮತ್ತು ವೀರಾವಾಹದ ಜಿನಾಲಯಗಳು ಪೂಜೆಯಿಲ್ಲದೆ ನಿಂತಿವೆ. ಆ ಕಲ್ಲುಗಳ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುವಾಗಲೂ ಯಾವಾಗ, ಏತಕ್ಕಾಗಿ ಜನ ಹೋದರು ಎಂಬುದನ್ನು ಸರಿಯಾಗಿ ಹೇಳುವುದು ಸತ್ಯಾಣುವ್ರತದ ಭಾಗವೇ.

ಎರಡನೆಯ ಆಕ್ಷೇಪ ಇದಕ್ಕಿಂತ ಮುಖ್ಯವಾದದ್ದು. ನಿಶಾಳ ಮನೆಯಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ತಂದೆ ಕಠಿಣ ಸ್ವಭಾವದವನು, ಆದರೆ ನ್ಯಾಯವಂತ. ನಿಶಾಳಿಂದ ಮನೆಗೆ ಅಪಾಯ ಬಂದದ್ದು ನಿಜ, ಆದರೆ ಅವಳ ಅಪರಾಧ ಸ್ನೇಹವೊಂದೇ. ಹಿಂಸೆಯೆಲ್ಲ ಹೊರಗಿನಿಂದ ಬರುತ್ತದೆ. ಕೊನೆಯಲ್ಲಿ ಕಾಜಿ ಗಡಿ ದಾಟಿ ಜೋಧಪುರಕ್ಕೆ ಬಂದು ಕುಟುಂಬವನ್ನು ಸೇರಿಕೊಳ್ಳುತ್ತಾನೆ. ಮಗುವಿಗೆ ಆ ಪುಟಗಳು ಸಮಾಧಾನ ಕೊಡುತ್ತವೆ, ಅದನ್ನು ತಪ್ಪೆನ್ನಲಾಗದು. ಆದರೆ ಹುಟ್ಟಿದ ಊರನ್ನು, ತನ್ನವರನ್ನು ಬಿಟ್ಟು ಬಂದ ಆ ವೃದ್ಧ ಸೇವಕನ ಒಳಗೆ ಏನು ಮುರಿಯಿತು? ಜೋಧಪುರದ ಬೀದಿಯಲ್ಲಿ ಅವನು ಯಾವ ಕಣ್ಣುಗಳನ್ನು ಎದುರಿಸಬೇಕಾಗಿತ್ತು? ಅದಕ್ಕೆ ಸಾಕಷ್ಟು ಪುಟಗಳಿಲ್ಲ. ಕಾಜಿ ಮರಳಿ ಸಿಕ್ಕಿದನೆಂಬ ಸಂತೋಷದಲ್ಲಿ ಕಾಜಿ ಕಳೆದುಕೊಂಡದ್ದು ಮರೆಯಾಗಿದೆ.

ಈ ಕೊರತೆಯನ್ನು ಅರಿಯಲು ಇನ್ನೊಂದು ಕೃತಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಬಾಪ್ಸಿ ಸಿಧ್ವಾ ಅವರ 'ಐಸ್-ಕ್ಯಾಂಡಿ-ಮ್ಯಾನ್' 1988ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ 1991ರಲ್ಲಿ 'ಕ್ರ್ಯಾಕಿಂಗ್ ಇಂಡಿಯಾ' ಎಂಬ ಹೆಸರಿನಿಂದ ಬಂದಿತು. 1998ರಲ್ಲಿ ದೀಪಾ ಮೆಹ್ತಾ ಅವರು ಇದನ್ನು ಆಧರಿಸಿ ಚಲನಚಿತ್ರ ಮಾಡಿದರು. ಇದು ಕಿಶೋರರಿಗಾಗಿ ಬರೆದ ಕೃತಿಯಲ್ಲ. ಆದರೆ ಕಥೆ ಹೇಳುವವಳು ಲಾಹೋರಿನ ಪಾರ್ಸಿ ಮನೆಯ ಪುಟ್ಟ ಹುಡುಗಿ ಲೆನ್ನಿ. ಪೋಲಿಯೋದಿಂದ ಕಾಲು ಊನವಾದ ಅವಳನ್ನು ನೋಡಿಕೊಳ್ಳುವವಳು ಹಿಂದೂ ಆಯಾ. ಆಯಾಳ ಸುತ್ತ ಉದ್ಯಾನದಲ್ಲಿ ಎಲ್ಲ ಮತದ ಗೆಳೆಯರೂ ಸೇರುತ್ತಾರೆ. ಅವರಲ್ಲಿ ಒಬ್ಬನು ಐಸ್‌ಕ್ಯಾಂಡಿ ಮಾರುವವನು.

ಗಲಭೆಯ ದಿನಗಳಲ್ಲಿ ಜನರ ಗುಂಪೊಂದು ಮನೆಯ ಅಂಗಳಕ್ಕೆ ನುಗ್ಗಿ ಆಯಾ ಎಲ್ಲಿ ಎಂದು ಕೇಳುತ್ತದೆ. ಮನೆಯ ಅಡುಗೆಯ ಮುದುಕ ಇಮಾಮ್ ದೀನ್ ಅವಳು ಊರು ಬಿಟ್ಟು ಹೋದಳೆಂದು ದೇವರ ಮೇಲೆ ಆಣೆ ಇಡುತ್ತಾನೆ. ಗುಂಪು ಹಿಂದಕ್ಕೆ ತಿರುಗುವಷ್ಟರಲ್ಲಿ ಐಸ್‌ಕ್ಯಾಂಡಿಯವನು ಲೆನ್ನಿಯ ಬಳಿ ಬಂದು ಪ್ರೀತಿಯಿಂದ ವಿಚಾರಿಸುತ್ತಾನೆ. ಪರಿಚಿತನೆಂಬ ನಂಬಿಕೆಯಿಂದ, ಸುಳ್ಳಾಡಬಾರದೆಂಬ ಅಭ್ಯಾಸದಿಂದ ಹುಡುಗಿ ಇದ್ದುದನ್ನು ಇದ್ದಂತೆ ಹೇಳಿಬಿಡುತ್ತಾಳೆ. ಆಯಾಳನ್ನು ಹೊರಗೆಳೆದು ಒಯ್ಯುತ್ತಾರೆ. ಅನಂತರ ಆ ಮಗು ಕನ್ನಡಿಯ ಮುಂದೆ ನಿಂತು ತನ್ನ ನಾಲಗೆಯನ್ನು ಗಾಯವಾಗುವಂತೆ ಉಜ್ಜಿಕೊಳ್ಳುತ್ತದೆ.

ಸತ್ಯವೂ ಅಹಿಂಸೆಯೂ ಒಂದೇ ಅಂಗಳದಲ್ಲಿ ಎದುರಾದಾಗ ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮ ಆಚಾರ್ಯರಿಗೆ ಹೊಸದಲ್ಲ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರನ್ನು ಪರಂಪರೆ ಕನ್ನಡ ನಾಡಿನವರೆಂದೇ ನೆನೆಯುತ್ತದೆ. ಅಸತ್ಯವನ್ನು ವಿವರಿಸುವಾಗ ಅವರು, ಪ್ರಾಣಿಗೆ ಪೀಡೆಯುಂಟುಮಾಡುವ ಮಾತು ಇದ್ದ ಸಂಗತಿಯನ್ನು ಕುರಿತದ್ದಾಗಿರಲಿ ಇಲ್ಲದ ಸಂಗತಿಯನ್ನು ಕುರಿತದ್ದಾಗಿರಲಿ ಅಪ್ರಶಸ್ತವೇ ಎಂಬ ಆಶಯವನ್ನು ಹೇಳುತ್ತಾರೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಸೂರಿಗಳು ಇನ್ನೂ ಮುಂದೆ ಹೋಗಿ, ಸುಳ್ಳು ಮೊದಲಾದ ಪಾಪಗಳೆಲ್ಲ ಹಿಂಸೆಯೇ, ಅವುಗಳನ್ನು ಬೇರೆಬೇರೆಯಾಗಿ ಹೇಳಿರುವುದು ಶಿಷ್ಯನ ತಿಳುವಳಿಕೆಗಾಗಿ ಎಂದು ನಿರೂಪಿಸುತ್ತಾರೆ. ಈ ದೃಷ್ಟಿಯಿಂದ ನೋಡಿದರೆ ಇಮಾಮ್ ದೀನ್ ಅಂಗಳದಲ್ಲಿ ನಿಂತು ಇಟ್ಟ ಆಣೆ ವ್ರತಕ್ಕೆ ಹತ್ತಿರವಾದದ್ದು. ಲೆನ್ನಿಯ ನುಡಿ ಅಕ್ಷರಶಃ ನಿಜವಾಗಿದ್ದೂ ಅದರಿಂದ ದೂರವಾದದ್ದು. ಸತ್ಯವ್ರತದ ಐದು ಭಾವನೆಗಳಲ್ಲಿ ವಿಚಾರಿಸಿ ಮಾತನಾಡುವುದೂ ಒಂದೆಂದು ಹೇಳಿರುವುದು ಇದಕ್ಕಾಗಿಯೇ. ಸತ್ಯ ಹೇಳು ಎಂದು ಮಾತ್ರ ಕಲಿಸಿ, ಯಾರಿಗೆ, ಯಾವಾಗ, ಏನಾಗಬಹುದೆಂದು ಯೋಚಿಸಿ ಹೇಳು ಎಂಬುದನ್ನು ಕಲಿಸದಿದ್ದರೆ ದೋಷ ಮಗುವಿನದಲ್ಲ, ಹಿರಿಯರದು.

ಸಿಧ್ವಾ ಅವರು ಇಲ್ಲಿ ಮಾಡಿರುವ ಮುಖ್ಯ ಕೆಲಸ ಇನ್ನೊಂದಿದೆ. ಮುಗ್ಧೆಯಾದ ಕಥನಕಾರ್ತಿಯ ಕೈಯಲ್ಲಿಯೂ ಅವರು ಒಂದು ಕಲೆಯನ್ನು ಉಳಿಸಿದ್ದಾರೆ. ಲೆನ್ನಿ ಕಥೆ ಹೇಳುವುದೇ ಆ ಕಲೆಯನ್ನು ಒಪ್ಪಿಕೊಳ್ಳುವುದಕ್ಕಾಗಿ ಎನಿಸುತ್ತದೆ. ಇದಕ್ಕೆ ನಮ್ಮಲ್ಲಿ ಆಲೋಚನೆ ಎಂಬ ಹೆಸರಿದೆ, ಅಂದರೆ ಗುರುವಿನ ಮುಂದೆ ತನ್ನ ದೋಷವನ್ನು ಮರೆಮಾಚದೆ ನಿವೇದಿಸುವುದು. ಪ್ರತಿಕ್ರಮಣಕ್ಕೆ ಕುಳಿತ ಶ್ರಾವಕನು ಬೇರೆಯವರು ತನಗೆ ಮಾಡಿದ ಕೇಡಿನ ಪಟ್ಟಿ ಓದುವುದಿಲ್ಲ. ತನ್ನಿಂದ ಯಾವ ಜೀವಕ್ಕೆ ನೋವಾಯಿತು ಎಂದು ಹುಡುಕುತ್ತಾನೆ. 'ನೈಟ್ ಡೈರಿ'ಯಲ್ಲಿ ಕರುಣೆಯಿದೆ, ಆಲೋಚನೆ ಇಲ್ಲ. 'ಐಸ್-ಕ್ಯಾಂಡಿ-ಮ್ಯಾನ್'ನಲ್ಲಿ ಆಲೋಚನೆಯಿದೆ, ಆದರೆ ಅದರ ಕ್ರೌರ್ಯ ಮತ್ತು ಕಾಮದ ವಿವರಗಳು ಕಿಶೋರರ ವಯಸ್ಸಿಗೆ ಮೀರಿದವು. ಎರಡನ್ನೂ ಕೂಡಿಸಿದ ಕೃತಿಯೊಂದು ಮಕ್ಕಳಿಗೆ ಬೇಕಾಗಿದೆ.

ಇದು ಕೇವಲ ಸಾಹಿತ್ಯದ ಬೇಡಿಕೆಯಲ್ಲ. ವಿಭಜನೆಯ ಕಾಲದಲ್ಲಿ ಅಪಹೃತರಾದ ಸ್ತ್ರೀಯರ ಬಗೆಗೆ ಎರಡು ಸರ್ಕಾರಗಳೂ ಒಪ್ಪಂದ ಮಾಡಿಕೊಂಡು ಹುಡುಕಾಟ ನಡೆಸಿದವು. 1949ರಲ್ಲಿ ಅದಕ್ಕೆ ಭಾರತದಲ್ಲಿ ಕಾಯಿದೆಯೂ ಆಯಿತು. ಆಗಿನ ಸರ್ಕಾರಿ ಅಂದಾಜಿನಂತೆ ಪಾಕಿಸ್ತಾನದಲ್ಲಿ ಅಪಹೃತರಾದ ಹಿಂದೂ ಮತ್ತು ಸಿಖ್ ಸ್ತ್ರೀಯರು 33,000. ಭಾರತದಲ್ಲಿ ಅಪಹೃತರಾದ ಮುಸ್ಲಿಂ ಸ್ತ್ರೀಯರು 50,000. ಮೊದಲನೆಯ ಸಂಖ್ಯೆಯನ್ನಷ್ಟೇ ಹೇಳಿದವನು ಸುಳ್ಳು ಹೇಳಿದಂತಾಗುವುದಿಲ್ಲ. ಆದರೂ ಅವನ ಮಾತು ವೈರವನ್ನು ಬೆಳೆಸುತ್ತದೆ. ಎರಡನ್ನೂ ಹೇಳಿದವನು ಕೇಳುವವನನ್ನು ತನ್ನೊಳಗೆ ನೋಡಿಕೊಳ್ಳುವಂತೆ ಮಾಡುತ್ತಾನೆ.

ಜೈನರೂ ಈ ಪ್ರಳಯದಿಂದ ಹೊರತಾಗಿರಲಿಲ್ಲ. ಆಚಾರ್ಯ ವಿಜಯವಲ್ಲಭಸೂರಿಗಳು 1947ರ ಚಾತುರ್ಮಾಸವನ್ನು ಪಶ್ಚಿಮ ಪಂಜಾಬಿನ ಗುಜರಾನ್‌ವಾಲಾದಲ್ಲಿ ಕಳೆಯುತ್ತಿದ್ದರು. ಅವರ ಗುರು ಆತ್ಮಾರಾಮಜಿಯವರ ಸಮಾಧಿ ಇರುವ ಊರು ಅದು. ಅವರು ಸಂಘದೊಡನೆಯೇ ಅಲ್ಲಿಂದ ಹೊರಟು ಅಮೃತಸರ ಸೇರಿದರು. ಮುಲ್ತಾನದ ದಿಗಂಬರ ಕುಟುಂಬಗಳು ಜಿನಬಿಂಬಗಳನ್ನು ಜೊತೆಗೆ ತಂದು ಜಯಪುರದಲ್ಲಿ ನೆಲೆಸಿದವು. ಈ ಕುಟುಂಬಗಳ ನೆನಪುಗಳನ್ನು ಮಕ್ಕಳಿಗಾಗಿ ಬರೆಯುವವರು ಬರಬೇಕು. ಬಿಂಬಗಳನ್ನು ಎದೆಗವಚಿಕೊಂಡು ಬಂದ ಕಥೆ ಹೃದಯಸ್ಪರ್ಶಿಯಾಗಿಯೇ ಇರುತ್ತದೆ. ಹಾಗೆ ಬರೆಯುವಾಗ ಅವರು ಬಂದು ನೆಲೆಸಿದ ಊರುಗಳಿಂದ ಅದೇ ವಾರಗಳಲ್ಲಿ ಓಡಿಹೋದವರು ಯಾರು, ಅವರ ಮನೆಯ ಒಲೆಗಳು ಹೇಗೆ ಆರಿದವು ಎಂಬ ಒಂದು ಅಧ್ಯಾಯವಾದರೂ ಇರಬೇಕು.

ಇದೆಲ್ಲ ದೂರದ ಮಾತು, ಕನ್ನಡ ನಾಡಿಗೆ ವಿಭಜನೆ ತಟ್ಟಲಿಲ್ಲ ಎಂದು ಕೆಲವರು ಹೇಳಬಹುದು. ಅವರು ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳನ್ನು ಮರೆತಿರುತ್ತಾರೆ. 1947-48ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಅಲ್ಲಿನ ಕುಟುಂಬಗಳು ಗಡಿಯಾಚೆಯ ಶಿಬಿರಗಳಿಗೆ ಓಡಿದವು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗದ ಹಿರಿಯರು ಇಂದಿಗೂ ನೆನೆಯುತ್ತಾರೆ. ಅದೇ ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆಯ ಬಳಿಕ ಹಿಂಸೆ ದಿಕ್ಕು ಬದಲಿಸಿತು. ಪ್ರಧಾನಿ ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲ್ ನೇತೃತ್ವದ ತಂಡ ಆ ಪ್ರದೇಶದಲ್ಲಿ ಸಂಚರಿಸಿ, ಸತ್ತವರು ಕನಿಷ್ಠ 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ ಮತ್ತು ಕಲಬುರಗಿ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ನಮ್ಮ ನಾಡಿನ ಮಗುವಿಗಾಗಿ ಈ ಕಾಲವನ್ನು ಕುರಿತು ಬರೆಯುವ ಲೇಖಕನು ಗೋರಟಾವನ್ನು ಬರೆಯಬೇಕು, ಸೆಪ್ಟೆಂಬರಿನ ಅನಂತರದ ದಿನಗಳನ್ನೂ ಬರೆಯಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ಅದು ಆರೋಪಪಟ್ಟಿಯಾದೀತೇ ಹೊರತು ಪ್ರತಿಕ್ರಮಣವಾಗದು.

ಇಷ್ಟೊಂದು ರಕ್ತ ಹರಿದ ಕಥೆ ನಮ್ಮ ಮಕ್ಕಳ ಕೈಗೆ ಬೇಕೇ ಎಂದು ಹಿರಿಯರು ಕೇಳುವುದುಂಟು. ಆ ಆತಂಕ ಸಹಜವಾದದ್ದು. ಆದರೆ ಜನ್ನನ ಯಶೋಧರ ಚರಿತೆಯ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯೇ ತಾಯಿಮಗನನ್ನು ಭವಭವಗಳಲ್ಲಿ ಅಲೆಸಿತು ಎಂಬುದು ಅದರ ತಿರುಳು. ಹಿಂಸೆಯನ್ನು ಮರೆಮಾಚಿ ಅಹಿಂಸೆಯನ್ನು ಕಲಿಸಲು ನಮ್ಮ ಪೂರ್ವಕವಿಗಳು ಹೋಗಲಿಲ್ಲ. ಹಿಂಸೆಯ ಬೇರು ಮನಸ್ಸಿನಲ್ಲಿ ಎಲ್ಲಿ ಹುಟ್ಟುತ್ತದೆ ಎಂಬುದನ್ನು ತೋರಿಸಿದರು. ಅಂತಹ ಬೇರನ್ನು ತೋರಿಸುವ ಕೃತಿ ಯಾವ ಮತದವರು ಬರೆದದ್ದಾದರೂ ಪಾಠಶಾಲೆಯ ಕಪಾಟಿನಲ್ಲಿ ಇರಲು ಯೋಗ್ಯವಾದದ್ದು. ಅದರಲ್ಲಿ ಬರುವ ಊಟ ಉಪಚಾರದ ವಿವರಗಳು ನಮ್ಮ ಆಚಾರಕ್ಕೆ ಒಗ್ಗದಿದ್ದರೆ ಮಗುವಿಗೆ ವಿವರಿಸಿ ಹೇಳಿದರೆ ಸಾಕು.

ಟ್ರಸ್ಟುಗಳು 'ದಿ ನೈಟ್ ಡೈರಿ'ಯನ್ನು ತರಿಸಿ ಹತ್ತು ಹನ್ನೊಂದು ದಾಟಿದ ಮಕ್ಕಳಿಗೆ ಕೊಡಬಹುದು. 'ಐಸ್-ಕ್ಯಾಂಡಿ-ಮ್ಯಾನ್' ಅನ್ನು ಮೊದಲು ಹಿರಿಯರೇ ಓದಿ, ಕಾಲೇಜು ಮುಟ್ಟಿದ ಯುವಕ ಯುವತಿಯರೊಡನೆ ಕುಳಿತು ಚರ್ಚಿಸುವುದು ಒಳ್ಳೆಯದು. ಪುಸ್ತಕ ಕೈಗಿತ್ತು ಸುಮ್ಮನಾಗದೆ, ಓದಿ ಮುಗಿಸಿದ ಮಗುವನ್ನು ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಬೇಕು. ಈ ಕಥೆಯಲ್ಲಿ ನಿನ್ನ ಕಡೆಯವರೆಂದು ನಿನಗೆ ಅನಿಸಿದವರು ಯಾರು? ಅವರಿಂದ ಯಾರಿಗೆ ನೋವಾಯಿತು? ಎರಡನೆಯ ಪ್ರಶ್ನೆಗೆ ಮಗು ಉತ್ತರ ಹುಡುಕುತ್ತಿದ್ದರೆ ಓದು ಸಾರ್ಥಕವಾಯಿತೆಂದೇ ತಿಳಿಯಬೇಕು.

ದಶಲಕ್ಷಣ ಪರ್ವದ ಕೊನೆಯಲ್ಲಿ ನಾವು ಕ್ಷಮಾವಾಣಿ ಆಚರಿಸುತ್ತೇವೆ. ಬಂಧುಗಳಿಗೆ, ನೆರೆಯವರಿಗೆ ಕೈಜೋಡಿಸುತ್ತೇವೆ. ಎದುರಿಗೆ ನಿಂತವನು ಮೊದಲು ಕೇಳಲಿ ಎಂದು ಕಾಯುವುದು ಅಲ್ಲಿನ ಪದ್ಧತಿಯಲ್ಲ. ಒಡೆದ ಮನೆಗಳ ಕಥೆಯನ್ನು ಹೇಳುವವರಿಗೂ ಕೇಳುವವರಿಗೂ ಆ ಪದ್ಧತಿಯೇ ದಾರಿಯಾಗಲಿ.